ವಿಯೆಟ್ನಾಂ ದೇಶದ ಜನರು

ಚೆನ್ನೈ ನಗರದಲ್ಲಿದ್ದು ಕನ್ನಡವನ್ನು ಓದುವ ನಮಗೆ ಜನಗಣತಿಯ ಅಂಕೆಗಳಲ್ಲಿ ಆಸಕ್ತಿ ಹುಟ್ಟುವುದು ಸಹಜ. ಮನೆಯೊಳಗೆ ಒಂದು ನುಡಿ, ಹೊಸ್ತಿಲು ದಾಟಿದೊಡನೆ ಇನ್ನೊಂದು ನುಡಿ. 2011ರ ಗಣತಿಯಲ್ಲಿ ತಮಿಳುನಾಡಿನ ಕನ್ನಡಿಗರೆಂದು ಎಣಿಕೆಯಾದವರು 12 ಲಕ್ಷಕ್ಕೂ ಮೇಲಿದ್ದರು. ಆದರೂ ನೂರು ಮಂದಿಗೆ ಇಬ್ಬರು ತುಂಬಲಿಲ್ಲ. ದೊಡ್ಡ ಜನಸಮುದಾಯದ ನಡುವೆ ಚಿಕ್ಕದೊಂದು ಜನ ಬಾಳುವ ಬಗೆ ಅನ್ಯದೇಶಗಳಲ್ಲಿ ಹೇಗಿದೆಯೆಂದು ತಿಳಿಯಬಯಸುವವರು ನಮ್ಮ ಮರೀನಾ ತೀರದಿಂದ ಮೂಡಣಕ್ಕೆ ಕಡಲು ದಾಟಿ, ಬರ್ಮಾ, ಸಯಾಂಗಳಿಗೂ ಆಚೆಗಿರುವ ವಿಯೆಟ್ನಾಂ ದೇಶವನ್ನು ನೋಡಬಹುದು.

2019ರ ಗಣತಿಯಂತೆ ಅಲ್ಲಿನ ಜನಸಂಖ್ಯೆ 9 ಕೋಟಿ 62 ಲಕ್ಷ. ಸರಕಾರವು ಇವರನ್ನು 54 ಜನಾಂಗಗಳೆಂದು ಗುರುತಿಸಿದೆ. ಇವುಗಳಲ್ಲಿ ಕಿನ್ ಎಂಬ ಜನಾಂಗದವರೇ ನೂರಕ್ಕೆ 85 ಮಂದಿ. ನಾವು ವಿಯೆಟ್ನಾಮಿಗಳೆಂದು ಸಾಮಾನ್ಯವಾಗಿ ಕರೆಯುವುದು ಇವರನ್ನೇ. ಉತ್ತರದಲ್ಲಿ ಕೆಂಪು ನದಿ, ದಕ್ಷಿಣದಲ್ಲಿ ಮೆಕಾಂಗ್ ನದಿ, ಇವೆರಡರ ಬತ್ತದ ಬಯಲುಗಳಲ್ಲಿ ಇವರು ಕಿಕ್ಕಿರಿದು ನೆಲೆಸಿದ್ದಾರೆ. ಉಳಿದ 53 ಜನಾಂಗಗಳಲ್ಲಿ ಬಹುಪಾಲು ಬೆಟ್ಟಸೀಮೆಯವು.

ಕಿನ್ ಜನರ ಸಮಾಜವನ್ನು ಅರಿಯಲು ಅವರ ಮಾತನ್ನು ಕೇಳಿದರೆ ಸಾಕು. ನಾನು, ನೀನು ಎಂಬ ಸರ್ವನಾಮಗಳ ಕೆಲಸವನ್ನು ಅಲ್ಲಿ ಹೆಚ್ಚಾಗಿ ಬಂಧುವಾಚಕಗಳೇ ಮಾಡುತ್ತವೆ. ತನಗಿಂತ ಹಿರಿಯ ತರುಣನನ್ನು ‘ಆನ್’, ಅಂದರೆ ಅಣ್ಣ, ಎಂದು ಕರೆಯಬೇಕು. ನಾವೂ ಹಾಗೆಯೇ ಕರೆಯುತ್ತೇವಲ್ಲವೆ? ಆದರೆ ಅವರು ಅಷ್ಟಕ್ಕೇ ನಿಲ್ಲರು; ತನ್ನನ್ನೂ ‘ಎಂ’, ಅಂದರೆ ತಮ್ಮ ಅಥವಾ ತಂಗಿ, ಎಂದೇ ಹೇಳಿಕೊಳ್ಳಬೇಕು. ಗುರುಗಳ ಮುಂದೆ ವಿದ್ಯಾರ್ಥಿಯೂ ‘ಎಂ’ ಆಗುತ್ತಾನೆ. ತಂದೆಯ ಅಣ್ಣನಿಗೆ ಒಂದು ಹೆಸರು, ತಮ್ಮನಿಗೆ ಇನ್ನೊಂದು, ತಾಯಿಯ ಒಡಹುಟ್ಟಿದವನಿಗೆ ಮತ್ತೊಂದು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವಂದಿರನ್ನು ಬೇರೆ ಬೇರೆಯಾಗಿಯೇ ಬಲ್ಲ ನಮಗೆ ಇದು ಕಷ್ಟವೆನಿಸದು. (ಎಲ್ಲರನ್ನೂ ‘ಅಂಕಲ್’ ಎಂದು ಒಂದೇ ಚೀಲಕ್ಕೆ ತುಂಬುವ ಹೊಸ ಅಭ್ಯಾಸದವರಿಗೆ ಕಷ್ಟವಾದೀತು.) ಮೊದಲ ಭೇಟಿಯಲ್ಲಿಯೇ ವಯಸ್ಸನ್ನು ಕೇಳುವ ಅವರ ಪದ್ಧತಿಯ ಕಾರಣವೂ ಇದೇ. ವಯಸ್ಸು ತಿಳಿಯದೆ ಮಾತು ಮುಂದುವರಿಯುವುದೆಂತು?

ಇನ್ನು ಹೆಸರುಗಳು. ಮನೆತನದ ಹೆಸರು ಮೊದಲು, ಇಟ್ಟ ಹೆಸರು ಕೊನೆಗೆ. ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರ ಮನೆತನ ‘ನ್ಗುಯೆನ್’ ಆದುದರಿಂದ, ತರಗತಿಯಲ್ಲಿ ಆ ಹೆಸರನ್ನು ಕೂಗಿ ಪ್ರಯೋಜನವಿಲ್ಲ. ಕೊನೆಯ ಹೆಸರನ್ನೇ ಕರೆಯುತ್ತಾರೆ.

ತಮಿಳುನಾಡಿನವರಿಗೆ ಈ ದೇಶ ಹೊಸತಲ್ಲ. ಫ್ರೆಂಚರ ಆಳಿಕೆಯಲ್ಲಿ ಚೆಟ್ಟಿನಾಡಿನ ವರ್ತಕರು ಸೈಗಾನಿಗೆ ಹೋಗಿ ಲೇವಾದೇವಿ ನಡೆಸಿದರು. ಅಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿಯಲ್ಲಿ ಇಂದು ಊದುಬತ್ತಿ ಹಚ್ಚುವವರಲ್ಲಿ ಆ ನಾಡಿನವರೇ ಹೆಚ್ಚು. ಇದಕ್ಕೂ ಬಹು ಹಿಂದೆ ನಮ್ಮ ಕಡೆಯ ಅಕ್ಷರಗಳು ಅಲ್ಲಿಗೆ ತಲಪಿದ್ದವು. ನಡುಕರಾವಳಿಯನ್ನು ಆಳಿದ ಚಂಪಾ ರಾಜ್ಯದ ಚಾಮ್ ಜನರ ಲಿಪಿ ದಕ್ಷಿಣ ಭಾರತದ ಬ್ರಾಹ್ಮಿಯಿಂದ ಬಂದದ್ದು. ಕಂಚಿಯ ಪಲ್ಲವರ ಲಿಪಿಗೂ ನಮ್ಮ ಕನ್ನಡ ಲಿಪಿಗೂ ಅದು ದೂರದ ದಾಯಾದಿ. ಚಾಮ್ ಭಾಷೆಯ ಅತಿ ಹಳೆಯ ಶಾಸನವನ್ನು ವಿದ್ವಾಂಸರು 4ನೆಯ ಶತಮಾನದ್ದೆಂದು ಎಣಿಸುತ್ತಾರೆ. ಹಾಗಾದರೆ ಅದು ನಮ್ಮ ಹಲ್ಮಿಡಿ ಶಾಸನಕ್ಕೂ ಹಿರಿಯದು!

1471ರಲ್ಲಿ ಚಾಮರ ‘ವಿಜಯ’ ನಗರವು ವಿಯೆಟ್ನಾಮಿಗಳ ವಶವಾಯಿತು. ತೆಂಕಣದಲ್ಲಿ ಉಳಿದಿದ್ದ ಅವರ ಕೊನೆಯ ಸಂಸ್ಥಾನವೂ 1832ರಲ್ಲಿ ಅಳಿಯಿತು. ಆ ಸಂಸ್ಥಾನದ ಹೆಸರು ‘ಪಾಂಡುರಂಗ’ ಎಂದರೆ ನಮ್ಮ ಬಾಲಕರು ನಂಬಲಾರರು. ಅದೇ ಇಂದಿನ ಫಾನ್‌ರಾಂಗ್. 2019ರಲ್ಲಿ ಚಾಮರು ಸುಮಾರು 1 ಲಕ್ಷ 79 ಸಾವಿರ, ಅಂದರೆ ಸಾವಿರ ಮಂದಿಯಲ್ಲಿ ಇಬ್ಬರೂ ಇಲ್ಲ. ರಾಜ್ಯ ಹೋಯಿತು, ನಗರ ಹೋಯಿತು. ಮನೆ ಮಾತ್ರ ಉಳಿಯಿತು. ಫಾನ್‌ರಾಂಗಿನ ಸುತ್ತಣ ಪ್ರಾಥಮಿಕ ಶಾಲೆಗಳಲ್ಲಿ ಚಾಮ್ ಮಕ್ಕಳಿಗೆ ವಿಯೆಟ್ನಾಮಿಯ ಜೊತೆಗೆ ತಮ್ಮ ನುಡಿಯ ಪಾಠವೂ ಉಂಟು.

ಇವರಲ್ಲಿ ವಂಶ ನಡೆಯುವುದು ತಾಯಿಯಿಂದ. ಮದುವೆಯಾದ ಗಂಡು ಹೆಂಡತಿಯ ಮನೆಗೆ ಹೋಗುತ್ತಾನೆ. ದಕ್ಷಿಣ ಕನ್ನಡದ ಅಳಿಯಸಂತಾನ ಪದ್ಧತಿಯನ್ನು ಕೇಳಿಬಲ್ಲವರಿಗೆ ತಾಯಿವಂಶದ ಈ ರೀತಿ ಅಪರಿಚಿತವಲ್ಲ. 1949ರಲ್ಲಿ ಅದಕ್ಕೊಂದು ಕಾಯಿದೆಯನ್ನು ಮಾಡಿದ್ದು ಇದೇ ಊರಿನ ಮದರಾಸು ಶಾಸನಸಭೆ. ಆದರೆ ಚಾಮರಲ್ಲಿ ಹಿರಿಯರ ಮನೆಯೂ ಅವರ ಪೂಜೆಯ ಹೊಣೆಯೂ ಕಿರಿಯ ಮಗಳಿಗೆ ಸಲ್ಲುತ್ತವೆ.

ಬೆಟ್ಟಗಳಲ್ಲಿರುವ ರಗ್ಲಾಯ್ ಎಂಬ ಜನಾಂಗವನ್ನು ಚಾಮರು ತಮ್ಮ ಕಿರಿಯ ಒಡಹುಟ್ಟು ಎನ್ನುತ್ತಾರೆ. ಆದಕಾರಣವೇ ಚಂಪಾದ ಅರಸರ ಉಡುಪುಗಳನ್ನು ಕಾಯುವ ಹೊಣೆ ರಗ್ಲಾಯ್ ಜನರಿಗೆ ಬಂದಿತೆಂದು ಹೇಳುವರು. ವರ್ಷಕ್ಕೊಮ್ಮೆ ಕಟೆ ಹಬ್ಬದಲ್ಲಿ ಅವರು ಆ ಉಡುಪುಗಳನ್ನು ಹೊತ್ತು ಬೆಟ್ಟವಿಳಿದು ಬರುತ್ತಾರೆ. ಚಾಮರು ವಾದ್ಯಗಳೊಡನೆ ಎದುರುಗೊಂಡು, ಇಟ್ಟಿಗೆಯ ಹಳೆಯ ಗೋಪುರದೊಳಗಿನ ವಿಗ್ರಹಕ್ಕೆ ಅವನ್ನು ಉಡಿಸುತ್ತಾರೆ.