ಹರೆಯದ ಮಕ್ಕಳ ಜೊತೆ ಚಟದ ಮಾತು

ಪ್ರಶ್ನೆ: ಕುಡಿತ, ಗಾಂಜಾ ಕೆಟ್ಟದ್ದೆಂದು ಗೊತ್ತಿದ್ದರೂ ಹರೆಯದ ಮಕ್ಕಳು ಅತ್ತ ವಾಲುವುದೇಕೆ? ತಂದೆತಾಯಿ ಹೇಗೆ ಮಾತಾಡಬೇಕು? (ಓದುಗರು, ಜೋರಾಪುರ ಪೇಟೆ, ವಿಜಯಪುರ)

ಉತ್ತರ: ಮಿದುಳಿನಲ್ಲಿ ಖುಷಿ ಅರಸುವ ಭಾಗ ಹದಿಹರೆಯದಲ್ಲೇ ಚುರುಕಾಗುತ್ತದೆ. ಹಿಂದುಮುಂದು ಯೋಚಿಸಿ ತಡೆಯುವ ಮುಂಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಮೂಗುದಾರ ಹಾಕದ ಹೋರಿಯನ್ನು ಗಾಡಿಗೆ ಹೂಡಿದಂತೆ: ಓಟವಿದೆ, ಹಿಡಿತವಿಲ್ಲ. ಗೆಳೆಯರು ಜೊತೆಗಿದ್ದರೆ ಓಟ ಇನ್ನೂ ಜೋರು. ಮದ್ಯ, ಗಾಂಜಾ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕವನ್ನು ಏರಿಸುತ್ತವೆ. ಮತ್ತೆ ಮತ್ತೆ ಏರಿದರೆ ಮಿದುಳು ಅದಕ್ಕೆ ಒಗ್ಗಿ, ಅಷ್ಟೇ ಖುಷಿಗೆ ಇನ್ನೂ ಹೆಚ್ಚು ಬೇಡುತ್ತದೆ. ಆಟ, ಊಟ ಸಪ್ಪೆ ಎನಿಸುತ್ತವೆ. ಚಟ ಹತ್ತುವುದು ಹೀಗೆ.

ಆದ್ದರಿಂದ ಮಾತು ಮೊದಲೇ ಶುರುವಾಗಲಿ. ಬೈದರೆ ಮಕ್ಕಳು ಮುಚ್ಚಿಡುವುದನ್ನು ಕಲಿಯುತ್ತಾರೆ. ಹೊಲಕ್ಕೆ ಹೋಗುವಾಗಲೋ ರೊಟ್ಟಿ ಬಡಿಯುವಾಗಲೋ "ಗೆಳ್ಯಾರು ಕುಡಿ ಅಂದ್ರ ನೀ ಏನಂತಿ?" ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. "ಬ್ಯಾಡಪಾ, ನಾಳೆ ಮ್ಯಾಚ್ ಐತಿ" ಎಂಬಂಥ ಮಾತೊಂದನ್ನು ಇಬ್ಬರೂ ಕೂಡಿ ಹುಡುಕಿಡಿ.

ಹತ್ತಿದ ಚಟವನ್ನು ಬಿಡಿಸಲೂ ದಾರಿಯಿದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. ಮಗನಿಗೋ ಮಗಳಿಗೋ ಚಟ ಹತ್ತಿದ್ದರೆ ಮರ್ಯಾದೆಗೆ ಅಂಜಿ ಸುಮ್ಮನಿರಬೇಡಿ. ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಿ.