ಫ್ರೆಂಚ್ ಅಜ್ಜಿಗೊಂದು ಸೆಟ್‌ಟಾಪ್ ಬಾಕ್ಸ್

ಐಟಿಯವರೆಂದರೆ ಮಿಕ್ಸಿಯಿಂದ ಹಿಡಿದು ಮೊಬೈಲಿನವರೆಗೆ ಎಲ್ಲವನ್ನೂ ರಿಪೇರಿ ಮಾಡುತ್ತಾರೆ ಎಂಬ ನಂಬಿಕೆ ನಮ್ಮ ಬಂಧುಗಳಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ. 2017ರಲ್ಲಿ ಕಂಪನಿಯ ಕೆಲಸಕ್ಕೆ ಪುಣೆಯಿಂದ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋದೆ ನೋಡಿ, ಅಲ್ಲಿಯೂ ಅದೇ ಕತೆ.

ನನ್ನ ಬಾಡಿಗೆ ಮನೆಯ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದರು. ಹುಟ್ಟೂರು ಫ್ರಾನ್ಸಿನ ಬ್ರಿಟಾನಿ ಪ್ರಾಂತ್ಯದ ಕ್ಯಾಂಪೇರ್. ಇಂಗ್ಲಿಷರನ್ನು ಮದುವೆಯಾಗಿ ಬಂದು ನಲವತ್ತು ವರ್ಷದ ಮೇಲಾಗಿತ್ತು. ಪತಿ ತೀರಿಕೊಂಡಿದ್ದರು. ಒಂದು ಭಾನುವಾರ ಬೇಲಿಯಾಚೆಯಿಂದ ಕೇಳಿದರು: "ನೀನು ಕಂಪ್ಯೂಟರ್‌ನವನಲ್ಲವೇ? ನನಗೆ ಫ್ರೆಂಚ್ ಟಿವಿ ಬರುವ ಬಾಕ್ಸ್ ಯಾವುದು ಅಂತ ಹೇಳು. ಡಿಶ್ ಹೇಗೂ ಗೋಡೆಯ ಮೇಲಿದೆ."

ನಾನು ಕೆಲಸ ತಪ್ಪಿಸಿಕೊಳ್ಳಲು "ಯೂಟ್ಯೂಬ್‌ನಲ್ಲಿ ಸಿಗುತ್ತಲ್ಲ" ಎಂದೆ. ಅವರು ಸ್ವಲ್ಪ ಸುಮ್ಮನಿದ್ದು, ಹಿಂದಿನ ದಿನ ಅಡುಗೆಮನೆಯಲ್ಲಿ ನೀರು ಬಸಿಯುವ ತೂತಿನ ಪಾತ್ರೆಗೆ ಫ್ರೆಂಚ್‌ನಲ್ಲಿ ಏನೆನ್ನುತ್ತಾರೆ ಎಂಬುದು ಒಂದು ತಾಸು ನೆನಪಾಗಲಿಲ್ಲ ಎಂದರು. ಮನೆಯಲ್ಲಿ ಆ ಭಾಷೆ ಆಡಲು ಯಾರೂ ಇರಲಿಲ್ಲ. ಆಮೇಲೆ ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಅಲ್ಲಿಂದ ನನ್ನ ತಪ್ಪುಗಳು ಶುರು. ಟಿಎಫ್1, ಫ್ರಾನ್ಸ್ 2, ಫ್ರಾನ್ಸ್ 3, ಎಂ6 ಮೊದಲಾದ ಚಾನೆಲ್‌ಗಳಿಗೆ ಫ್ರಾನ್ಸಿನಲ್ಲಿ ತಿಂಗಳ ಚಂದಾ ಇಲ್ಲ, ಉಚಿತ. ನಮ್ಮ ಡಿಡಿ ಫ್ರೀ ಡಿಶ್‌ನಂತೆಯೇ ಎಂದುಕೊಂಡು ಯಾವ ಕಾರ್ಡೂ ಬೇಡದ ಅಗ್ಗದ ಫ್ರೀ-ಟು-ಏರ್ ರಿಸೀವರ್ ತರಿಸಿದೆ. ಗೋಡೆಯ ಡಿಶ್‌ಗೆ ಜೋಡಿಸಿದರೆ ಪರದೆಯ ಮೇಲೆ ಒಂದೇ ಸಾಲು: ಸಿಗ್ನಲ್ ಇಲ್ಲ.

ಕಾರಣ ಹೊರಗೆ ನಿಂತಿತ್ತು. ಆ ತುಕ್ಕು ಹಿಡಿದ ದೊಡ್ಡ ಡಿಶ್ ಅಜ್ಜಿಯ ಪತಿ ಹಾಕಿಸಿದ್ದು. ಆಗ ಫ್ರೆಂಚ್ ಚಾನೆಲ್‌ಗಳು 5 ಡಿಗ್ರಿ ಪಶ್ಚಿಮದ ಉಪಗ್ರಹದಿಂದ ಅನಲಾಗ್‌ನಲ್ಲಿ, ಯಾವ ಬೀಗವೂ ಇಲ್ಲದೆ ಬರುತ್ತಿದ್ದವು. ಫ್ರಾನ್ಸಿನ ಬಣ್ಣದ ಪದ್ಧತಿ ಸೆಕಾಮ್, ಇಂಗ್ಲೆಂಡಿನದು ಪಾಲ್. ಹಾಗಾಗಿ ಎರಡೂ ಬಲ್ಲ ಟಿವಿ ಇಲ್ಲದಿದ್ದರೆ ಚಿತ್ರ ಕಪ್ಪು-ಬಿಳುಪು. ಅಜ್ಜಿ ವರ್ಷಗಟ್ಟಲೆ ಕಪ್ಪು-ಬಿಳುಪಿನಲ್ಲೇ ವಾರ್ತೆ ನೋಡಿದ್ದರಂತೆ. 2011ರ ನವೆಂಬರ್ ಕೊನೆಗೆ ಫ್ರಾನ್ಸಿನಲ್ಲಿ ಅನಲಾಗ್ ಪ್ರಸಾರವೇ ಮುಗಿಯಿತು. ಅದರಾಚೆಗೆ ಡಿಶ್ ಹಾಗೇ ನಿಂತಿತ್ತು, ಎದುರಿನ ಮರ ಬೆಳೆಯುತ್ತಲೇ ಇತ್ತು. ಬ್ರಿಸ್ಟಲ್‌ನಿಂದ ನೋಡಿದರೆ 5 ಡಿಗ್ರಿ ಪಶ್ಚಿಮದ ಉಪಗ್ರಹ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ, ದಿಗಂತದಿಂದ ಸುಮಾರು 31 ಡಿಗ್ರಿ ಎತ್ತರದಲ್ಲಿ. ಸರಿಯಾಗಿ ಅಲ್ಲೇ ನೆರೆಮನೆಯವರ ಮರದ ತಲೆ.

ಬಾಕ್ಸ್ ಯಾವುದು ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಉಪಗ್ರಹ ಯಾವುದು ಎಂಬುದು. ಅದನ್ನು ಕೇಳದೆ ದುಡ್ಡು ಕೊಟ್ಟಿದ್ದೆ. ಫ್ರಾನ್ಸಿನ ಉಚಿತ ಚಾನೆಲ್‌ಗಳು ಆಕಾಶದಲ್ಲಿ ಎರಡು ಕಡೆ ಸಿಗುತ್ತವೆ. 5 ಡಿಗ್ರಿ ಪಶ್ಚಿಮದಲ್ಲಿ ಫ್ರಾನ್‌ಸ್ಯಾಟ್, 2009ರಲ್ಲಿ ಬಂದದ್ದು. 19.2 ಡಿಗ್ರಿ ಪೂರ್ವದ ಆಸ್ಟ್ರಾದಲ್ಲಿ ಟಿಎನ್‌ಟಿಸ್ಯಾಟ್, 2007ರದು. ಚಾನೆಲ್ ಪಟ್ಟಿ ಬಹುಪಾಲು ಒಂದೇ. ಆದರೆ ಒಂದರ ಬಾಕ್ಸ್, ಕಾರ್ಡ್ ಇನ್ನೊಂದಕ್ಕೆ ಆಗುವುದಿಲ್ಲ. ಅಜ್ಜಿಯ ಮನೆಯಲ್ಲಿ ಈ ತೀರ್ಮಾನವನ್ನು ಮರವೇ ಮಾಡಿಬಿಟ್ಟಿತ್ತು. ಆಸ್ಟ್ರಾ ಇರುವ ಆಗ್ನೇಯದ ಕಡೆ ಗ್ಯಾರೇಜಿನ ತಗ್ಗು ಸೂರು ಬಿಟ್ಟರೆ ಅಡ್ಡ ಏನೂ ಇರಲಿಲ್ಲ.

ಡಿಶ್ ಹಾಕುವವನೊಬ್ಬ ಬಂದು, ಮೀಟರ್ ಹಿಡಿದು, ಅದೇ ಹಳೆಯ ಡಿಶ್ ಅನ್ನು ಮೂಲೆಗೆ ಸರಿಸಿ ಹೊಸ ಎಲ್‌ಎನ್‌ಬಿ ಹಾಕಿ ತಿರುಗಿಸಿದ. (ಬ್ರಿಟಿಷ್ ಚಾನೆಲ್‌ಗಳಿಗೆ ಅಲ್ಲಿ ಮನೆಮನೆಗೂ ಇರುವ ಪುಟ್ಟ ಡಿಶ್ 28.2 ಡಿಗ್ರಿ ಪೂರ್ವಕ್ಕೆ ಮುಖ ಮಾಡಿರುತ್ತದೆ. ಅದನ್ನೇ ಇದಕ್ಕೂ ಬಳಸುತ್ತೇನೆಂದರೆ ಆಗದು.) ನನ್ನ ಅಗ್ಗದ ಬಾಕ್ಸ್ ಈಗ ನೂರಾರು ಚಾನೆಲ್ ಹುಡುಕಿಕೊಟ್ಟಿತು, ಹೆಚ್ಚಿನವು ಜರ್ಮನ್! ಫ್ರೆಂಚ್‌ನಲ್ಲಿ ಕೈಗೆ ಸಿಕ್ಕಿದ್ದು ಟಿವಿ5ಮೋಂಡ್, ಫ್ರಾನ್ಸ್ 24ರಂಥ ಕೆಲವು. ಆರ್ಟೆ ಹಾಕಿದರೆ ಅದೂ ಜರ್ಮನ್‌ನಲ್ಲಿ ಮಾತಾಡಿತು. ಅಜ್ಜಿ ಅರ್ಧ ಗಂಟೆ ನೋಡಿ ಹೇಳಿದರು: "ಚೆನ್ನಾಗಿದೆ. ಆದರೆ ಇವರು ಪ್ರಪಂಚಕ್ಕೆ ಮಾತಾಡುತ್ತಿದ್ದಾರೆ. ನಮ್ಮೂರಲ್ಲಿ ಮಳೆ ಬಂತೋ ಇಲ್ಲವೋ ಇವರಿಗೆ ಗೊತ್ತಿಲ್ಲ."

ಉಚಿತ ಬೇರೆ, ಬೀಗವಿಲ್ಲದ್ದು ಬೇರೆ ಎಂದು ನನಗೆ ಅರ್ಥವಾದದ್ದು ಆಗ. ಸಿನಿಮಾ, ಕ್ರೀಡೆಗಳ ಪ್ರಸಾರದ ಹಕ್ಕನ್ನು ಫ್ರೆಂಚ್ ಚಾನೆಲ್‌ಗಳು ಫ್ರಾನ್ಸಿನ ಮಟ್ಟಿಗೆ ಮಾತ್ರ ಕೊಂಡಿರುತ್ತವೆ. ಉಪಗ್ರಹದ ಕಿರಣಕ್ಕೆ ಗಡಿ ಗೊತ್ತಿಲ್ಲ, ಅರ್ಧ ಯೂರೋಪಿಗೆ ಚೆಲ್ಲುತ್ತದೆ. ಹಾಗಾಗಿ ಪ್ರಸಾರಕ್ಕೆ ಬೀಗ ಹಾಕಿ, ಕೀಲಿಯನ್ನು ಕಾರ್ಡ್ ರೂಪದಲ್ಲಿ ಬಾಕ್ಸ್ ಜೊತೆ ಕೊಡುತ್ತಾರೆ. ದುಡ್ಡು ಒಮ್ಮೆ ಬಾಕ್ಸಿಗೆ ಮಾತ್ರ, ಚಂದಾ ಇಲ್ಲ. ನಿಯಮದ ಪ್ರಕಾರ ಇದು ಫ್ರಾನ್ಸಿನ ಒಳಗಿನ ಬಳಕೆಗೆ. ಹೊರಗೆ ಒಯ್ದು ನೋಡುವ ಫ್ರೆಂಚರು ಬೇಕಾದಷ್ಟು ಜನ ಇದ್ದಾರೆ, ಆದರೆ ಅದು ನಿಯಮದ ಅಂಚಿನಾಚೆಯ ಕೆಲಸವೇ. ಅಜ್ಜಿಗೆ ಅದನ್ನೂ ಹೇಳಿದೆ. "ನನ್ನೂರಿನ ಹವಾಮಾನ ನೋಡುವುದಕ್ಕೂ ಹಕ್ಕು ಬೇಕೇ?" ಎಂದು ನಕ್ಕರು. ಇಂಟರ್ನೆಟ್‌ನಲ್ಲೂ ಇದೇ ಬೇಲಿ, ದೇಶದಾಚೆಯಿಂದ ಹೋದರೆ ಎಷ್ಟೋ ಕಾರ್ಯಕ್ರಮ ತೆರೆಯುವುದಿಲ್ಲ.

ಎರಡನೇ ಸಲ ಎಡವದೆ ಇದ್ದದ್ದು ಅದೃಷ್ಟ. ಯಾರೋ ಹಳೆಯ ಟಿಎನ್‌ಟಿಸ್ಯಾಟ್ ಬಾಕ್ಸ್ ಒಂದನ್ನು ತೀರಾ ಕಡಿಮೆಗೆ ಮಾರುತ್ತಿದ್ದರು. ಕೊನೆಗಳಿಗೆಯಲ್ಲಿ ನೋಡಿದರೆ ಅದು ಎಚ್‌ಡಿ ಅಲ್ಲ. ಫ್ರಾನ್ಸ್ 2016ರ ಏಪ್ರಿಲ್‌ನಲ್ಲಿ ತನ್ನ ಟಿವಿಯನ್ನು ಎಂಪೆಗ್-4ಕ್ಕೆ ಬದಲಿಸಿಕೊಂಡಿತ್ತು. ಹಳೆಯ ಎಸ್‌ಡಿ ಬಾಕ್ಸ್‌ಗಳ ಕಾಲ ಮುಗಿದಿತ್ತು. ಹಿಂಬದಿಯ ಕಿಂಡಿಗಳನ್ನೂ ನೋಡಬೇಕು. ಅಜ್ಜಿಯ ಟಿವಿಯಲ್ಲಿ ಎಚ್‌ಡಿಎಂಐ ಇರಲಿಲ್ಲ, ಅಗಲವಾದ ಸ್ಕಾರ್ಟ್ ಕಿಂಡಿ ಮಾತ್ರ. ಅದು ಫ್ರಾನ್ಸಿನದೇ ಆವಿಷ್ಕಾರ ಎಂದಾಗ ಅಜ್ಜಿಗೆ ಹೆಮ್ಮೆಯೋ ಹೆಮ್ಮೆ. ಎರಡೂ ಕಿಂಡಿ ಇರುವ, ಟಿಎನ್‌ಟಿಸ್ಯಾಟ್ ಎಚ್‌ಡಿ ಎಂದು ಪೆಟ್ಟಿಗೆಯ ಮೇಲೇ ಬರೆದಿರುವ ಬಾಕ್ಸ್ ಆಗಬೇಕು ಎಂದು ಚೀಟಿ ಬರೆದುಕೊಟ್ಟೆ. ಕ್ಯಾಂಪೇರ್‌ನಲ್ಲಿರುವ ಅವರ ತಂಗಿಯ ಮಗಳು ಅಲ್ಲಿಯೇ ಅಂಗಡಿಯಲ್ಲಿ ಕೊಂಡು ತಂದಳು. ರೆಕಾರ್ಡಿಂಗ್ ಇರುವ ದುಬಾರಿ ಮಾಡೆಲ್ ಬೇಡ ಎಂದಿದ್ದೆ. ಎಂಬತ್ತರ ಹತ್ತಿರದವರಿಗೆ ಬೇಕಾದದ್ದು ದೊಡ್ಡ ಗುಂಡಿಗಳ ರಿಮೋಟ್.

ಮೆನು ಪೂರ್ತಿ ಫ್ರೆಂಚ್. ನಾನು ಮೂಕ, ಅವರೇ ಓದಿ ಓದಿ ಒತ್ತಿದರು. ಒಂದು ಕಡೆ ಫ್ರಾನ್ಸ್ 3ರ ಪ್ರಾದೇಶಿಕ ಆವೃತ್ತಿ ಯಾವುದು ಎಂಬ ಪಟ್ಟಿ ಬಂತು, ಬ್ರಿಟಾನಿ ಆರಿಸಿದರು. ಅಲ್ಲಿಯ 7 ಗಂಟೆಯ ಪ್ರಾದೇಶಿಕ ವಾರ್ತೆ ಬ್ರಿಸ್ಟಲ್‌ನಲ್ಲಿ 6ಕ್ಕೆ. ಅವತ್ತು ಮೀನುಗಾರರ ವಿಷಯ ಏನೋ ಬಂತು. ಅಜ್ಜಿ ಕೋಟು ತೆಗೆಯದೆ ಕುರ್ಚಿಯ ಅಂಚಿನಲ್ಲಿ ಕೂತು ನೋಡಿದರು. ನಾನು ಹೇಳದೆ ಎದ್ದು ಬಂದೆ.

ನನಗೆ ನಮ್ಮಪ್ಪನ ನೆನಪಾಗಿತ್ತು. ಹುಬ್ಬಳ್ಳಿ ಬಿಟ್ಟು ಪುಣೆಗೆ ಬಂದ ಹೊಸದರಲ್ಲಿ, ಉದಯ ಟಿವಿ ಹಾಕಪ್ಪಾ ಎಂದು ಕೇಬಲ್‌ನವನ ಬಾಗಿಲಿಗೆ ಎಷ್ಟು ಸಲ ಹೋಗಿದ್ದರೋ! ಈಗ ಡಿಟಿಎಚ್‌ನಲ್ಲಿ ಕನ್ನಡದ ಪ್ಯಾಕ್ ಆರಿಸಿಕೊಂಡರೆ ಮುಗಿಯಿತು, ಆ ಪಾಡು ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಫ್ರೆಂಚ್ ಕಲಿಯುತ್ತಿರುವ ಗೆಳೆಯರೊಬ್ಬರು, ಈ ಬಾಕ್ಸ್ ಪುಣೆಯಲ್ಲಿ ನಡೆಯುತ್ತದೆಯೇ ಎಂದು ಕೇಳಿದರು. ಇಲ್ಲ. 5 ಡಿಗ್ರಿ ಪಶ್ಚಿಮದ ಉಪಗ್ರಹ ಪುಣೆಯಿಂದ ದಿಗಂತಕ್ಕೆ ತಾಗಿಕೊಂಡಂತಿದೆ, ಬೆಂಗಳೂರಿಗಂತೂ ದಿಗಂತದ ಕೆಳಗೆ. ಆಸ್ಟ್ರಾ ಪಶ್ಚಿಮದಲ್ಲಿ ಸುಮಾರು 25 ಡಿಗ್ರಿ ಎತ್ತರದಲ್ಲೇ ಇದ್ದರೂ ಅದರ ಕಿರಣದ ಮುಖ ಯೂರೋಪಿನ ಕಡೆಗಿದೆ. ಯೂರೋಪಿನಲ್ಲಿರುವವರಿಗೆ ಇನ್ನೊಂದು ಮಾತು: ಯಾವುದನ್ನೂ ಶಾಶ್ವತವೆಂದು ನಂಬಬೇಡಿ. 2022ರಲ್ಲಿ ಟಿಎಫ್1 ಮತ್ತು ಕೆನಾಲ್ ಪ್ಲಸ್ ನಡುವೆ ಒಪ್ಪಂದ ಕೂಡಿಬರದೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಟಿಎನ್‌ಟಿಸ್ಯಾಟ್‌ನಲ್ಲಿ ಟಿಎಫ್1 ಕಾಣಲಿಲ್ಲ. ಜೊತೆಗೆ ಟಿಎನ್‌ಟಿಸ್ಯಾಟ್ ಕಾರ್ಡಿನ ಆಯುಷ್ಯ ನಾಲ್ಕು ವರ್ಷ, ಮುಗಿದ ಮೇಲೆ ಹೊಸದು ತರಬೇಕು.

ಅದನ್ನು ಓದಿದ್ದರಿಂದ, ಬಾಕ್ಸಿನ ತಳಕ್ಕೆ "ಕಾರ್ಡ್ 2021" ಎಂದು ಬರೆದ ಚೀಟಿ ಅಂಟಿಸಿ ಬಂದಿದ್ದೆ. 2021ರಲ್ಲಿ ಒಂದು ರಾತ್ರಿ ಪುಣೆಯಲ್ಲಿ ಊಟಕ್ಕೆ ಕೂತಾಗ ಅಜ್ಜಿಯ ವಿಡಿಯೊ ಕರೆ ಬಂತು. ಪರದೆ ಕಪ್ಪಾಗಿದೆ ಎಂದರು. ಬಾಕ್ಸ್ ಮಗುಚಿ ನೋಡಿ ಎಂದೆ. ಮೂರು ವಾರದ ಮೇಲೆ ಇನ್ನೊಂದು ಕರೆ. ಮಾತಿಲ್ಲ, ಫೋನನ್ನು ಟಿವಿಯ ಕಡೆ ತಿರುಗಿಸಿ ಹಿಡಿದಿದ್ದರು. ಬ್ರಿಟಾನಿಯ ನಕ್ಷೆಯ ತುಂಬ ಮೋಡದ ಗುರುತುಗಳು. "ನೋಡು," ಎಂದಿತು ಹಿಂದಿನಿಂದ ದನಿ, "ನಾಳೆಯೂ ಮಳೆಯೇ."