ಕೋಗಿಲೆಯನ್ನು ಕೇಳಲು ಹೋಗಿ...

ಯುಗಾದಿಯ ಊಟದ ಸಾಲಿನಲ್ಲಿ ನಿಂತಿದ್ದಾಗ "ನೀವೆಲ್ಲ ಬೆಳಗಿನ ಜಾವ ಹಕ್ಕಿ ನೋಡೋಕೆ ಹೋಗಿದ್ರಂತಲ್ಲ, ಅದರ ಬಗ್ಗೆ ಪತ್ರಿಕೆಗೆ ಒಂದು ಲೇಖನ ಕೊಡಿ" ಎಂದು ನಮ್ಮ ಸಂಪಾದಕರು ಕೇಳಿದರು. ಕೈಯಲ್ಲಿ ಅವರೇ ಬಡಿಸಿದ ಹೋಳಿಗೆ ಇರುವಾಗ ಇಲ್ಲ ಎನ್ನುವುದು ಹೇಗೆ? ನಾನು ಪಕ್ಷಿತಜ್ಞೆಯಲ್ಲ. ತಪ್ಪು ಕಂಡರೆ ತಿದ್ದಿ, ಬೈಯಬೇಡಿ.

ಸ್ವೀಡನ್ನಿನವರಿಗೆ "ಯೋಕ್‌ಉಟ್ಟ" ಎಂಬ ಒಂದು ಪದ್ಧತಿ ಇದೆ. ಯೋಕ್ ಎಂದರೆ ಅವರ ಕೋಗಿಲೆ, ಉಟ್ಟ ಎಂದರೆ ನಸುಕು. ಏಸುಕ್ರಿಸ್ತ ಸ್ವರ್ಗಕ್ಕೆ ಏರಿದ ದಿನವೆಂದು ಆಚರಿಸುವ ಗುರುವಾರ, ಇನ್ನೂ ಊರು ಮಲಗಿರುವಾಗಲೇ ಎದ್ದು, ಬುತ್ತಿ ಕಟ್ಟಿಕೊಂಡು ಕಾಡಿನಂಚಿಗೆ ಹೋಗಿ ಆ ಹಕ್ಕಿಯ ಕೂಗಿಗಾಗಿ ಕಾಯುವುದು. ಕೂಗು ಯಾವ ದಿಕ್ಕಿನಿಂದ ಬಂತು ಎನ್ನುವುದರ ಮೇಲೆ ಫಲ! ಪಶ್ಚಿಮದಿಂದ ಬಂದರೆ ಶುಭ, ಪೂರ್ವದಿಂದ ಬಂದರೆ ಸಮಾಧಾನ, ಉತ್ತರದಿಂದ ಬಂದರೆ ದುಃಖ, ದಕ್ಷಿಣದಿಂದ ಬಂದರೆ ಸಾವು. ಪಂಚಾಂಗದ ಕೊನೆಯಲ್ಲಿ ಹಲ್ಲಿ ಬಿದ್ದ ಫಲ ಓದಿ ಬೆಳೆದ ನಮಗೆ ಇದು ತೀರಾ ಪರಕೀಯ ಅನ್ನಿಸಲಿಲ್ಲ.

2025ರಲ್ಲಿ ಈ ಹಬ್ಬ ಮೇ 29ಕ್ಕೆ ಬಂದಿತ್ತು. ನಮ್ಮ ಕೂಟದ ಐದು ಮನೆಯವರು ಹೊರಟೆವು. ಆ ದಿನಗಳಲ್ಲಿ ಇಲ್ಲಿ ಸೂರ್ಯ ಮೂರೂಮುಕ್ಕಾಲಿಗೇ ಏಳುತ್ತಾನೆಂಬುದು ನಿಮಗೆ ಗೊತ್ತೇ ಇದೆ. ಹೊರಡಿಸಿದ್ದು ನಾನೇ, ಆದರೆ ನಿಜವಾದ ಕಾರಣ ಹಕ್ಕಿಯಲ್ಲ. ನನ್ನ ಅಪ್ಪ.

ಅಪ್ಪ ತರೀಕೆರೆಯವರು. ಪಿಯುಸಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಅಮ್ಮ ಹೋದ ಮೇಲೆ ಮೊದಲ ಸಲ ಒಬ್ಬರೇ ಬಂದಿದ್ದರು, ತೊಂಬತ್ತು ದಿನದ ವೀಸಾದ ಮೇಲೆ. ಬಂದ ಎರಡನೇ ವಾರಕ್ಕೇ ಅವರು ಕಿಟಕಿಯ ಹತ್ತಿರದ ಕುರ್ಚಿ ಬಿಟ್ಟು ಏಳುವುದು ನಿಂತಿತು. ನಾವಿಬ್ಬರೂ ಕೆಲಸಕ್ಕೆ, ಮಗಳು ಶಾಲೆಗೆ. ಸಂಜೆ ಬಂದು "ಏನು ಮಾಡಿದಿರಿ?" ಎಂದರೆ "ಏನಿಲ್ಲ" ಎನ್ನುತ್ತಿದ್ದರು. ಮೇ ಮಧ್ಯದಲ್ಲಿ ಒಂದು ರಾತ್ರಿ, "ಟಿಕೆಟ್ಟು ಹಿಂದಕ್ಕೆ ಹಾಕ್ಸಕ್ಕೆ ಆಗುತ್ತೇನೋ ನೋಡು ಪುಟ್ಟಿ" ಅಂದರು. ನೋಡುತ್ತೇನೆ ಅಂದೆ. ನೋಡಲಿಲ್ಲ.

ನಾವು ಹೋದದ್ದು ದೂರದ ಕಾಡಿಗಲ್ಲ, ರೋಸ್ತಾಶೋನ್ ಎಂಬ ನಮ್ಮ ಸೋಲ್ನಾದ ಕೆರೆಗೆ. ಮಾಲ್ ಆಫ್ ಸ್ಕ್ಯಾಂಡಿನೇವಿಯಾ 2015ರಲ್ಲಿ ತೆರೆದಾಗಿನಿಂದ ನೂರು ಸಲ ಹೋಗಿಬಂದವರು ನಮ್ಮಲ್ಲಿ ಇದ್ದಾರೆ (ನಾನೂ ಒಬ್ಬಳು). ಅದರ ಹಿಂದಿನ ಕೆರೆಗೆ ಒಮ್ಮೆಯೂ ಹೋಗದವರು ಅದಕ್ಕಿಂತ ಹೆಚ್ಚು! ಮಾಲ್ ಪಕ್ಕದಲ್ಲಿ ಆ ದೊಡ್ಡ ಕ್ರೀಡಾಂಗಣ, 2012ರಲ್ಲಿ ಫ್ರೆಂಡ್ಸ್ ಅರೀನಾ ಎಂದು ಆರಂಭವಾಗಿ ಈಗ ಸ್ಟ್ರಾಬೆರಿ ಅರೀನಾ ಆಗಿದೆ. ಅಲ್ಲಿಂದ ಸ್ವಲ್ಪವೇ ನಡೆದರೆ ಜೊಂಡು ಹುಲ್ಲು, ನೀರು, ಸಾವಿರ ಗಂಟಲುಗಳ ಗಲಾಟೆ. ಹನ್ನೆರಡು ವರ್ಷಗಳ ಹಿಂದೆ ಈ ದಡದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಯೋಜನೆ ಬಂದಿತ್ತು. ಊರಿನವರು ಬಿಡಲಿಲ್ಲ, ಸಹಿ ಸಂಗ್ರಹಿಸಿದರು, ಮೆರವಣಿಗೆ ಮಾಡಿದರು, ಕಡೆಗೆ ನಗರಸಭೆ ಅದನ್ನು ಕೈಬಿಟ್ಟಿತು. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಸ್ಟೇಡಿಯಂ ಕಡೆಗೊಮ್ಮೆ, ನೀರಿನ ಕಡೆಗೊಮ್ಮೆ ನೋಡಿ, "ನಮ್ಮ ಬೆಂಗಳೂರಲ್ಲಿ ಸಂಪಂಗಿ ಕೆರೆ ಮುಚ್ಚಿ ಕಂಠೀರವ ಸ್ಟೇಡಿಯಂ ಮಾಡಿದ್ರು. ಇವರು ಎರಡನ್ನೂ ಇಟ್ಕೊಂಡಿದಾರೆ" ಎಂದರು. ಎರಡು ವಾರದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು.

ಕೆರೆಯ ಅಂಚಿಗೆ ಬಂದಾಗ ಅಪ್ಪ ತಟ್ಟನೆ ನಿಂತರು. "ಅಯ್ಯೋ, ನಾಮದ ಕೋಳಿ!" ಕರಿ ಮೈ, ಹಣೆಯ ಮೇಲೆ ಬಿಳಿ ನಾಮ. ನಮ್ಮ ಕಡೆಯ ಕೆರೆಗಳಲ್ಲಿ ಹಿಂಡು ಹಿಂಡಾಗಿ ತೇಲುವ ಅದೇ ಹಕ್ಕಿ, ಸಂಬಂಧಿಯಲ್ಲ, ಸಾಕ್ಷಾತ್ ಅದೇ. ಪಕ್ಕದಲ್ಲಿ ತಲೆಗೆ ಜುಟ್ಟು, ಕೆನ್ನೆಗೆ ಕಂದು ಗಡ್ಡ ಬಿಟ್ಟುಕೊಂಡು ಮುಳುಗಿ ಏಳುತ್ತಿದ್ದದ್ದು ನಮ್ಮ ಗುಳುಮುಳುಕನ ದೊಡ್ಡಪ್ಪನ ಮಗ. ದಾರಿಯಲ್ಲಿ ಬಾಲ ಕುಣಿಸುತ್ತಾ ಓಡಿದ್ದು ಕುಂಡೆಕುಸ್ಕ. ಅದು ಏಪ್ರಿಲ್‌ನಲ್ಲಿ ಬಂದರೆ ಸ್ವೀಡನ್ನಿನವರಿಗೆ ವಸಂತ ಬಂದಂತೆ. ನೀರಿನ ಮೇಲೆ ಕಪ್ಪು ತಲೆಯ ಕಡಲಕ್ಕಿಗಳ ಜಗಳ. ಇವರು ಅದನ್ನು "ನಗುವ ಕಡಲಕ್ಕಿ" ಎಂದೇ ಕರೆಯುತ್ತಾರೆ, ಆದರೆ ಕೇಳಿದರೆ ನಗುವಿಗಿಂತ ನಲ್ಲಿ ಹತ್ತಿರದ ಜಗಳ ನೆನಪಾಗುತ್ತದೆ.

ಮುಂದೆ ಒಂದು ಬೆಂಚಿನ ಹತ್ತಿರ ದೂರದರ್ಶಕ ನಿಲ್ಲಿಸಿಕೊಂಡು ಒಬ್ಬ ಹಿರಿಯರು ನಿಂತಿದ್ದರು. ಅಪ್ಪನಿಗೆ ಸ್ವೀಡಿಷ್ ಬಾರದು. ಅವರಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಅಪ್ಪನ ಇಂಗ್ಲಿಷ್ ಉಚ್ಚಾರಣೆ ಅವರಿಗೆ, ಅವರದು ಅಪ್ಪನಿಗೆ ಹಿಡಿಯಲಿಲ್ಲ. ನಾನು ದುಭಾಷಿಯಾಗಲು ಓಡುವಷ್ಟರಲ್ಲಿ ಅಪ್ಪ ಬೆರಳು ತೋರಿಸಿ, ತರಗತಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ, "ಫ್ಯುಲಿಕಾ ಆಟ್ರ" ಅಂದರು. ಆ ಹಿರಿಯರ ಮುಖ ಅರಳಿತು. "ಯಾ, ಯಾ! ಫುಲಿಕಾ ಆತ್ರ!" ಆಮೇಲೆ ನನ್ನ ಅಗತ್ಯವೇ ಇರಲಿಲ್ಲ. ಜುಟ್ಟಿನ ಹಕ್ಕಿಗೆ "ಪೋಡಿಸೆಪ್ಸ್ ಕ್ರಿಸ್ಟೇಟಸ್" ಎಂದು ಅವರು ಹೇಳಿದರೆ, "ಪ್ಯಾವೋ ಕ್ರಿಸ್ಟೇಟಸ್" ಎಂದು ಅಪ್ಪ ಕೈಯನ್ನೇ ಜುಟ್ಟು ಮಾಡಿ ನವಿಲನ್ನು ತೋರಿಸಿದರು. ಕ್ರಿಸ್ಟೇಟಸ್ ಎಂದರೆ ಜುಟ್ಟುಳ್ಳದ್ದು. ಈ ಮೂರೂ ಹೆಸರುಗಳ ಎರಡನೆಯ ಪದಗಳು 1758ರವು, ಇಲ್ಲಿಂದ ಮುಕ್ಕಾಲು ಗಂಟೆ ರೈಲು ದಾರಿಯ ಉಪ್ಸಾಲಾದಲ್ಲಿ ಪಾಠ ಹೇಳುತ್ತಿದ್ದ ಕಾರ್ಲ್ ಲಿನೇಯಸ್ ತನ್ನ "ಸಿಸ್ಟೆಮಾ ನ್ಯಾಚುರೇ" ಗ್ರಂಥದ ಹತ್ತನೇ ಆವೃತ್ತಿಯಲ್ಲಿ ಕೊಟ್ಟವು. ಭಾರತ ನೋಡದ ಮನುಷ್ಯ ನಮ್ಮ ಹಕ್ಕಿಗಳಿಗೆ ನಾಮಕರಣ ಮಾಡುವಾಗ ಒಮ್ಮೊಮ್ಮೆ ಎಡವಿದ್ದೂ ಉಂಟು. ನಮ್ಮ ಗೊರವಂಕವನ್ನು 1766ರಲ್ಲಿ ಸ್ವರ್ಗದ ಹಕ್ಕಿಗಳ ಗುಂಪಿಗೆ ಸೇರಿಸಿ, ಜೊತೆಗೆ "ಟ್ರಿಸ್ಟಿಸ್", ಅಂದರೆ ದುಃಖಿ, ಎಂದ! ದುಃಖದಲ್ಲಿರುವ ಗೊರವಂಕವನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ?

ಇಷ್ಟೆಲ್ಲ ಆದರೂ ಕೋಗಿಲೆ ಮಾತ್ರ ಕೂಗಲಿಲ್ಲ. ಐದು ಗಂಟೆಯಾಯಿತು, ಐದೂವರೆಯಾಯಿತು. ನಾಲ್ಕು ದಿಕ್ಕಿಗೂ ಕಿವಿ ಕೊಟ್ಟದ್ದಾಯಿತು. ಮಕ್ಕಳು ಚಳಿಗೆ ಮುದುಡಿದರು. "ಫಲ ಏನೂ ಇಲ್ಲ ಅನ್ನೋದೇ ಈ ವರ್ಷದ ಫಲ" ಎಂದು ಯಾರೋ ನಗೆಯಾಡಿದರು. ಚಿತ್ರಾನ್ನದ ಡಬ್ಬಿ ಬಿಚ್ಚಿದೆವು.

ಆಗ ಪೊದೆಯ ಕಡೆಯಿಂದ ಒಂದು ಸಿಳ್ಳೆ. ನಾಲ್ಕೈದು ಸ್ವರ ಅಷ್ಟೇ, ಯಾರೋ ಪ್ರಶ್ನೆ ಕೇಳಿದಂತೆ ಮೇಲಕ್ಕೆ ಹೋಗಿ ಇಳಿಯಿತು. ಮತ್ತೆ ಅದೇ, ಮತ್ತೆ ಅದೇ. ಇಂಗ್ಲಿಷಿನವರು ಇದನ್ನು "ಪ್ಲೀಸ್ಡ್ ಟು ಮೀಟ್ ಯೂ" ಎಂದು ಕೇಳಿಸಿಕೊಳ್ಳುತ್ತಾರಂತೆ. ಚಿತ್ರಾನ್ನ ಕೈಯಲ್ಲಿದ್ದ ಅಪ್ಪನಿಗೆ ಕೇಳಿಸಿದ್ದು "ತಿಂಡಿ ಆಯ್ತೇನೇ?" ಮಗಳು ಫೋನಿನಲ್ಲಿದ್ದ ಮರ್ಲಿನ್ ಆ್ಯಪ್ ಹಿಡಿದಳು. ಅದು ತೋರಿಸಿದ ಹೆಸರು ಕಾಮನ್ ರೋಸ್‌ಫಿಂಚ್, ಸ್ವೀಡಿಷಿನಲ್ಲಿ ರೂಸೆನ್‌ಫಿಂಕ್. ಚಿತ್ರದಲ್ಲಿ ಗಂಡಿನ ತಲೆ, ಎದೆ ಕೆಂಪು. ಎಲ್ಲರೂ ಕೆಂಪು ಹುಡುಕಿದೆವು, ಕೊಂಬೆಯ ತುದಿಯಲ್ಲಿ ಸಿಕ್ಕಿದ್ದು ಗುಬ್ಬಚ್ಚಿಯ ಹಾಗಿನ ಕಂದು ಹಕ್ಕಿ. "ಇದಲ್ಲ" ಎಂದೆವು. ದೂರದರ್ಶಕದ ಹಿರಿಯರು "ಇದೇ" ಎಂದು ತಲೆಯಾಡಿಸಿದರು. ಈ ಜಾತಿಯ ಗಂಡಿಗೆ ಮೊದಲ ವರ್ಷ ಕೆಂಪು ಬಣ್ಣ ಬರುವುದಿಲ್ಲ. ಕಂದು ಬಟ್ಟೆಯಲ್ಲೇ ಹಾಡಿ ಹೆಣ್ಣನ್ನು ಕರೆಯಬೇಕು, ಪಾಪ.

ಆ ಹಿರಿಯರು ಆಮೇಲೆ ನಮ್ಮ ಕಡೆ ತಿರುಗಿ ಒಂದೇ ಮಾತು ಹೇಳಿದರು: "ಇಂಡಿಯನ್." ನಮಗೆ ಹೇಳಿದ್ದು ಎಂದುಕೊಂಡು "ಯೆಸ್, ಯೆಸ್" ಎಂದೆ. ಅವರು ತಲೆಯಲ್ಲಾಡಿಸಿ ಹಕ್ಕಿಯನ್ನು ತೋರಿಸಿದರು.

ಮನೆಗೆ ಬಂದು ಓದಿದ ಮೇಲೆ ಅರ್ಥವಾಯಿತು. ಸ್ವೀಡನ್ನಿನ ಬೇಸಿಗೆಯ ಹಕ್ಕಿಗಳಲ್ಲಿ ದೂರ ಹೋಗುವ ಬಹುಪಾಲು ಚಳಿಗಾಲಕ್ಕೆ ಆಫ್ರಿಕಾದ ದಾರಿ ಹಿಡಿಯುತ್ತವೆ. ರೂಸೆನ್‌ಫಿಂಕ್ ಮಾತ್ರ ಪೂರ್ವಕ್ಕೆ, ಆಗ್ನೇಯಕ್ಕೆ ತಿರುಗಿ ಭಾರತ ಉಪಖಂಡ ಸೇರುತ್ತದೆ. ಅದರ ಬಂಧುಗಳು ನಮ್ಮ ಪಶ್ಚಿಮ ಘಟ್ಟದ ತನಕ ಬಂದು ಬಿದಿರಕ್ಕಿ, ಲಂಟಾನದ ಹಣ್ಣು ತಿಂದುಕೊಂಡಿರುತ್ತವೆ. ಇಲ್ಲಿಗೆ ಮೇ ಕೊನೆಯಲ್ಲಿ ಬಂದು ಆಗಸ್ಟಿನಲ್ಲಿ ಹೊರಟುಬಿಡುತ್ತದೆ. ಲೆಕ್ಕ ಹಾಕಿದರೆ ಅಪ್ಪನ ವೀಸಾದಷ್ಟೇ ವಾಸ.

ಇಂಥ ಇನ್ನೊಂದು ಹಕ್ಕಿಯ ಕಥೆಯನ್ನೂ ಹೇಳಲೇಬೇಕು. ಕೆಂಪು ಕತ್ತಿನ ಫಾಲರೋಪ್ ಎಂಬ, ಗುಬ್ಬಿಗಿಂತ ತುಸು ದೊಡ್ಡ ನೀರುಹಕ್ಕಿ ಸ್ವೀಡನ್ನಿನ ಉತ್ತರದ ಜೌಗಿನಲ್ಲಿ ಮರಿ ಮಾಡಿ ನಮ್ಮ ಅರಬ್ಬಿ ಸಮುದ್ರದಲ್ಲಿ ಚಳಿಗಾಲ ಕಳೆಯುತ್ತದೆ. ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳಲ್ಲೂ ಇದೇ ಹಕ್ಕಿ ಇದೆ, ಅದೂ ಅರಬ್ಬಿ ಸಮುದ್ರಕ್ಕೇ ಹೋಗುತ್ತದೆ ಎಂದು ಊಹಿಸಿದ್ದರು. 2012ರಲ್ಲಿ ಅಲ್ಲಿನ ಫೆಟ್ಲರ್ ದ್ವೀಪದಲ್ಲಿ ಹತ್ತು ಹಕ್ಕಿಗಳಿಗೆ ಪುಟ್ಟ ಯಂತ್ರ ಕಟ್ಟಿದರು. ಮರುವರ್ಷ ಒಂದರಿಂದ ಅದನ್ನು ಬಿಡಿಸಿ ನೋಡಿದರೆ, ಅದು ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕದ ಪಶ್ಚಿಮಕ್ಕೆ, ಪೆಸಿಫಿಕ್ ಸಾಗರಕ್ಕೆ ಹೋಗಿಬಂದಿತ್ತು! ಒಂದೇ ಜಾತಿ, ಒಂದು ಮನೆಯವರು ಅರಬ್ಬಿ ಕಡಲಿಗೆ, ಇನ್ನೊಂದು ಮನೆಯವರು ಅಮೆರಿಕಕ್ಕೆ. ನಮ್ಮ ಅಣ್ಣತಮ್ಮಂದಿರೂ ಹೀಗೇ ಅಲ್ಲವೇ?

ಮಾರನೆಯ ದಿನ ನಾನು ಏಳುವ ಹೊತ್ತಿಗೆ ಅಪ್ಪನ ಕುರ್ಚಿ ಖಾಲಿ, ಬಾಗಿಲ ಬಳಿ ಬೂಟು ಇಲ್ಲ. ಗಾಬರಿಯಾಗಿ ಫೋನ್ ಮಾಡಿದರೆ ಪಿಸುದನಿಯಲ್ಲಿ "ಕೆರೆ ಹತ್ರ ಇದೀನಿ ಕಣೇ, ಮಾತಾಡ್ಬೇಡ, ಹಾರಿಹೋಗುತ್ತೆ" ಎಂದರು. ಅಂದಿನಿಂದ ಜುಲೈ ತನಕ ಒಂದು ಬೆಳಗೂ ತಪ್ಪಿಸಲಿಲ್ಲ. ಮಗಳ ಹಳೆಯ ಗಣಿತದ ಪುಸ್ತಕದ ಖಾಲಿ ಹಾಳೆಗಳಲ್ಲಿ ಲೆಕ್ಕ ಬರೆದರು: ತಾರೀಕು, ಗಾಳಿ, ನಾಮದ ಕೋಳಿ ಎಷ್ಟು, ಮರಿ ಎಷ್ಟು. ಸ್ವೀಡಿಷ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದರು. ಮಗಳು ಅವನ್ನು "ಆರ್ಟ್‌ಪೋರ್ಟಾಲೆನ್" ಎಂಬ ಇಲ್ಲಿನ ಸಾರ್ವಜನಿಕ ದಾಖಲೆಗೆ ಏರಿಸಿದಳು. ರೂಸೆನ್‌ಫಿಂಕ್ ಸ್ವೀಡನ್ನಿನ 2020ರ ಕೆಂಪು ಪಟ್ಟಿಯಲ್ಲಿ ಇರುವ ಹಕ್ಕಿ, ಸಂಖ್ಯೆ ಕುಸಿದಿದೆ. ಹಾಗಾಗಿ ಒಂದೊಂದು ಹಕ್ಕಿಯ ಲೆಕ್ಕವೂ ಬೇಕು.

ಆ ಒಂಟಿ ಹಕ್ಕಿ ಹದಿನೇಳು ದಿನ ಅದೇ ಪೊದೆಯಲ್ಲಿ ಹಾಡಿತು. ಹೆಣ್ಣು ಬಂದದ್ದನ್ನು ಅಪ್ಪ ಕಾಣಲಿಲ್ಲ. ಹದಿನೆಂಟನೆಯ ದಿನ ಪುಸ್ತಕದಲ್ಲಿ "ರೂಸೆನ್‌ಫಿಂಕ್: 0" ಎಂದು ಬರೆದರು. ಅದರ ಮುಂದಿನ ಪುಟಗಳಲ್ಲೂ ಆ ಸೊನ್ನೆ ಬಿಡಲಿಲ್ಲ. "ಇನ್ನು ಅದನ್ನ ಬರೆಯೋದ್ಯಾಕೆ ಅಜ್ಜ?" ಎಂದಳು ಮಗಳು. "ಇಲ್ಲ ಅನ್ನೋದೂ ಲೆಕ್ಕಾನೇ" ಎಂದರು. ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ.

ಈಗ ಅಪ್ಪ ಊರಿನಲ್ಲಿ ಅದೇ ಪುಸ್ತಕ ಮುಂದುವರಿಸಿದ್ದಾರೆ. ತೇಜಸ್ವಿಯವರ "ಕನ್ನಡ ನಾಡಿನ ಹಕ್ಕಿಗಳು" ಕಪಾಟಿನಿಂದ ಕೆಳಗಿಳಿದಿದೆಯಂತೆ. ಜನವರಿಯಲ್ಲಿ ಎರಡು ಸಲ ಕೆಮ್ಮಣ್ಣುಗುಂಡಿಯ ಬಸ್ಸು ಹತ್ತಿ ಹೋಗಿ ಬಂದರು. "ಸಿಕ್ತಾ?" ಎಂದರೆ "ಸೊನ್ನೆ. ಆದ್ರೆ ಬಿದಿರು ಇರೋ ಜಾಗ ಒಂದು ಗೊತ್ತು ಮಾಡ್ಕೊಂಡಿದೀನಿ" ಎಂದರು.

ಕೊನೆಗೆ ಒಂದು ಪ್ರಕಟಣೆ. ಈ ಸಲವೂ ಯೋಕ್‌ಉಟ್ಟ ಇದೆ. ಹಬ್ಬದ ತಾರೀಕು ಈಸ್ಟರ್ ಜೊತೆ ಹಿಂದೆ ಮುಂದೆ ಆಗುವುದರಿಂದ, ಮೇ ಮೊದಲ ಎರಡು ವಾರಗಳಲ್ಲಿ ಬಂದರೆ ಕೋಗಿಲೆ ಸಿಗಬಹುದು, ರೂಸೆನ್‌ಫಿಂಕ್ ಸಿಗದು. ಅದಕ್ಕಾಗಿ ತಿಂಗಳ ಕೊನೆಯ ಶನಿವಾರ ಇನ್ನೊಮ್ಮೆ ಹೋಗೋಣ. ಬೆಳಿಗ್ಗೆ ನಾಲ್ಕಕ್ಕೆ ನೆಕ್‌ರೂಸೆನ್ ಮೆಟ್ರೋ ನಿಲ್ದಾಣದ ಹೊರಗೆ ಸೇರುವುದು. ದಪ್ಪ ಸ್ವೆಟರ್, ಇದ್ದರೆ ದುರ್ಬೀನು ತನ್ನಿ. ಫಿಲ್ಟರ್ ಕಾಫಿ ನಾನು ತರುತ್ತೇನೆ, ಚಿತ್ರಾನ್ನ ಯಾರು ಎಂದು ಮಿಂಚಂಚೆಯಲ್ಲಿ ತಿಳಿಸಿ.